ವಿಚ್ಛೇದನ ಒಂದು, ಪ್ರಶ್ನೆಗಳು ನಾಲ್ಕು: ಕುಟುಂಬ ಕಾನೂನು ಕುರಿತ ಒಂದು ಮಾದರಿ ಪಾಠ

ಸಮಾಜ ವಿಜ್ಞಾನ ಬೋಧನಾ ಪದ್ಧತಿಯ ಪ್ರಶಿಕ್ಷಣಾರ್ಥಿಗಳು ಕೇಂದ್ರ–ರಾಜ್ಯ ಅಧಿಕಾರ ಹಂಚಿಕೆಯನ್ನು ಅಭ್ಯಾಸ ಬೋಧನೆಗೆ ಆರಿಸಿಕೊಂಡಾಗ ಸಾಮಾನ್ಯವಾಗಿ ಮೂರು ಪಟ್ಟಿಗಳ ಚಾರ್ಟನ್ನು ಬರೆದು ತರುತ್ತಾರೆ. ಕೇಂದ್ರ ಪಟ್ಟಿಗೆ ರಕ್ಷಣೆ, ರಾಜ್ಯ ಪಟ್ಟಿಗೆ ಪೊಲೀಸ್, ಸಮವರ್ತಿ ಪಟ್ಟಿಗೆ ಶಿಕ್ಷಣ ಎಂದು ಒಂದೊಂದು ಉದಾಹರಣೆ ಕೊಟ್ಟು ಮುಂದಕ್ಕೆ ಹೋಗುತ್ತಾರೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿರುವ ಸಮವರ್ತಿ ಪಟ್ಟಿಯ 5ನೇ ನಮೂದನ್ನು ಓದಿದವರು ಕಡಿಮೆ. ಮದುವೆ, ವಿಚ್ಛೇದನ, ಅಪ್ರಾಪ್ತ ವಯಸ್ಸಿನ ಮಕ್ಕಳು, ದತ್ತು, ಉಯಿಲು, ಉತ್ತರಾಧಿಕಾರ, ಅವಿಭಕ್ತ ಕುಟುಂಬ, ಪಾಲು ಇವೆಲ್ಲ ಆ ಒಂದೇ ನಮೂದಿನಲ್ಲಿವೆ. ವಿದ್ಯಾರ್ಥಿಯ ಮನೆಬಾಗಿಲಿಗೆ ಇದಕ್ಕಿಂತ ಹತ್ತಿರವಾದ ಉದಾಹರಣೆ ಸಿಗುವುದು ಕಷ್ಟ.

ಈ ನಮೂದನ್ನೇ ಆಧಾರವಾಗಿಟ್ಟುಕೊಂಡು ನಮ್ಮ ಅಭ್ಯಾಸ ಶಾಲೆಯೊಂದರ ಹತ್ತನೇ ತರಗತಿಗೆ ನಾನು ಎರಡು ಅವಧಿಗಳ ಮಾದರಿ ಪಾಠವನ್ನು ಕೊಟ್ಟೆ. ಹಿಂದಿನ ಬೆಂಚುಗಳಲ್ಲಿ ಕುಳಿತು ವೀಕ್ಷಿಸಿದ ಪ್ರಶಿಕ್ಷಣಾರ್ಥಿಗಳ ಕೋರಿಕೆಯಂತೆ ಪಾಠದ ಯೋಜನೆಯನ್ನೂ ವಿಷಯ ವಿಶ್ಲೇಷಣೆಯನ್ನೂ ಇಲ್ಲಿ ಬರೆದಿದ್ದೇನೆ.

ಪಾಠದ ತಿರುಳು

ಪೂರ್ವಜ್ಞಾನ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ ಕೇಳಿದೆ: "ಗಂಡ ಹೆಂಡತಿ ಬೇರೆಯಾದರೆ ನ್ಯಾಯಾಲಯ ಏನನ್ನು ತೀರ್ಮಾನಿಸುತ್ತದೆ?" ಬಂದ ಉತ್ತರಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ತಪ್ಪು ಯಾರದು ಎಂದು ನ್ಯಾಯಾಧೀಶರು ಕಂಡುಹಿಡಿಯುತ್ತಾರೆ, ಗೆದ್ದವರಿಗೆ ಮನೆ, ಹಣ, ಮಕ್ಕಳು ಎಲ್ಲವೂ ಸಿಗುತ್ತವೆ, ಸೋತವರಿಗೆ ಏನೂ ಇಲ್ಲ. ಧಾರಾವಾಹಿಗಳಲ್ಲಿ ಕಾಣುವ ನ್ಯಾಯ ಇದು. ದೊಡ್ಡವರಲ್ಲೂ ಈ ನಂಬಿಕೆ ಇದೆ. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲೂ ಇತ್ತು.

ಕಾನೂನು ಹಾಗೆ ಕೆಲಸ ಮಾಡುವುದಿಲ್ಲ. ಅದು ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತದೆ. ಮದುವೆ ಮುಗಿಯಬೇಕೆ? ಯಾವ ಆಸ್ತಿ ಯಾರದು? ಯಾರು ಯಾರನ್ನು ಪೋಷಿಸಬೇಕು? ಮಕ್ಕಳು ಎಲ್ಲಿ, ಯಾರ ಬಳಿ ಇರಬೇಕು? ಪ್ರತಿಯೊಂದಕ್ಕೂ ಬೇರೆ ಅಳತೆಗೋಲು ಇದೆ. ಒಂದರ ಉತ್ತರದಿಂದ ಇನ್ನೊಂದರ ಉತ್ತರ ತಾನಾಗಿ ಬರುವುದಿಲ್ಲ. ಪಾಠ ಮುಗಿದಾಗ ವಿದ್ಯಾರ್ಥಿಗೆ ಇದೊಂದು ವಿಷಯ ಸ್ಪಷ್ಟವಾಗಿದ್ದರೆ ಸಾಕು. ಸೆಕ್ಷನ್ ಸಂಖ್ಯೆಗಳನ್ನು ಮರೆತರೂ ನಷ್ಟವಿಲ್ಲ.

ಬೋಧನಾ ಉದ್ದೇಶಗಳು

1. ಮದುವೆ ಮತ್ತು ಕುಟುಂಬದ ವಿಷಯದಲ್ಲಿ ಸಂಸತ್ತು ಮತ್ತು ರಾಜ್ಯ ಶಾಸನಸಭೆ ಎರಡಕ್ಕೂ ಅಧಿಕಾರವಿದೆ ಎಂಬುದನ್ನು ಉದಾಹರಣೆ ಸಹಿತ ವಿವರಿಸುವರು.
2. ವಿಚ್ಛೇದನ, ಆಸ್ತಿ, ಜೀವನಾಂಶ, ಮಕ್ಕಳ ಸುಪರ್ದಿ ಇವು ನಾಲ್ಕು ಪ್ರತ್ಯೇಕ ಪ್ರಶ್ನೆಗಳೆಂದು ಗುರುತಿಸುವರು.
3. ಕೊಟ್ಟ ಸಂಗತಿ ಯಾವ ಪ್ರಶ್ನೆಗೆ ಸಂಬಂಧಿಸಿದ್ದು ಎಂದು ಕಾರಣ ಕೊಟ್ಟು ವಿಂಗಡಿಸುವರು.
4. ಪೋಷಕರು ಬೇರೆಯಾದ ಮನೆಯ ಸಹಪಾಠಿಯ ಬಗ್ಗೆ ಸೌಜನ್ಯದ ಮನೋಭಾವ ಬೆಳೆಸಿಕೊಳ್ಳುವರು.

ವಿಷಯ ಪ್ರವೇಶ: ಕಾನೂನು ಯಾರದು?

ಇಂದಿನ ಕರ್ನಾಟಕದ ಜಿಲ್ಲಾ ನಕ್ಷೆಯನ್ನು ತೂಗುಹಾಕಿ, 1950ರಲ್ಲಿ ಈ ನೆಲದಲ್ಲಿ ಒಂದೇ ಕುಟುಂಬ ಕಾನೂನು ಇತ್ತೇ ಎಂದು ಕೇಳಿದೆ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಆಗ ಮುಂಬಯಿ ರಾಜ್ಯದಲ್ಲಿದ್ದವು. ಅಲ್ಲಿ 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆ ನಡೆಯುತ್ತಿತ್ತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದರಾಸಿನಲ್ಲಿದ್ದವು. ಅಲ್ಲಿ ದ್ವಿಪತ್ನಿತ್ವ ತಡೆ ಮತ್ತು ವಿಚ್ಛೇದನಕ್ಕೆ 1949ರ ಮದರಾಸು ಕಾಯ್ದೆ ಇತ್ತು. ಕರಾವಳಿಯ ಅಳಿಯಸಂತಾನ ಕುಟುಂಬಗಳಿಗೆ ಅದೇ ವರ್ಷದ ಪ್ರತ್ಯೇಕ ಕಾಯ್ದೆಯೇ ಬಂದಿತ್ತು. ಹಳೆಯ ಮೈಸೂರಿನಲ್ಲಿ 1933ರ ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆಯು ವಿಧವೆ, ತಾಯಿ, ಅವಿವಾಹಿತ ಮಗಳಂಥವರಿಗೆ ಅವಿಭಕ್ತ ಕುಟುಂಬದ ಪಾಲಿನಲ್ಲಿ ಹಕ್ಕು ಕೊಟ್ಟಿತ್ತು. ಕನ್ನಡ ಮಾತನಾಡುವ ಎರಡು ಊರುಗಳ ನಡುವೆ ಹೆಂಡತಿಯ ಹಕ್ಕೇ ಬದಲಾಗುತ್ತಿತ್ತು.

ಆಮೇಲೆ ಸಂಸತ್ತು 1955ರಲ್ಲಿ ಹಿಂದೂ ವಿವಾಹ ಅಧಿನಿಯಮ, 1956ರಲ್ಲಿ ಉತ್ತರಾಧಿಕಾರ, ಅಪ್ರಾಪ್ತರ ಪಾಲಕತ್ವ, ದತ್ತು ಮತ್ತು ಜೀವನಾಂಶದ ಅಧಿನಿಯಮಗಳನ್ನು ತಂದು ಈ ವ್ಯತ್ಯಾಸಗಳನ್ನು ಬಹುಮಟ್ಟಿಗೆ ತೆಗೆಯಿತು. ಆದರೆ ರಾಜ್ಯದ ಬಾಗಿಲು ಮುಚ್ಚಲಿಲ್ಲ. ಸಂವಿಧಾನದ 254ನೇ ವಿಧಿಯಂತೆ, ಸಮವರ್ತಿ ಪಟ್ಟಿಯ ವಿಷಯದಲ್ಲಿ ರಾಜ್ಯ ಮಾಡಿದ ಕಾನೂನು ಕೇಂದ್ರದ ಹಿಂದಿನ ಕಾನೂನಿಗೆ ವಿರುದ್ಧವಾಗಿದ್ದರೂ, ರಾಷ್ಟ್ರಪತಿಗಳ ಒಪ್ಪಿಗೆ ಪಡೆದಿದ್ದರೆ ಆ ರಾಜ್ಯದಲ್ಲಿ ನಡೆಯುತ್ತದೆ. ಕರ್ನಾಟಕ ಇದನ್ನು ಬಳಸಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ತಂದಿತು. ಅದು 1994ರ ಜುಲೈ 30ರಂದು ಜಾರಿಗೆ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾಗಿದ್ದ ಮಗಳನ್ನು ಮಾತ್ರ ಹೊರಗಿಟ್ಟಿತು. ಹನ್ನೊಂದು ವರ್ಷಗಳ ನಂತರ, 2005ರ ಸೆಪ್ಟೆಂಬರ್ 9ರಿಂದ, ಸಂಸತ್ತಿನ ತಿದ್ದುಪಡಿ ದೇಶದ ಎಲ್ಲ ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟು, ಮದುವೆಯ ನಿರ್ಬಂಧವನ್ನೂ ತೆಗೆಯಿತು. ರಾಜ್ಯ ಮೊದಲು ನಡೆದ ದಾರಿಯಲ್ಲಿ ಕೇಂದ್ರ ನಂತರ ನಡೆದ ಈ ಉದಾಹರಣೆಯನ್ನು ವಿದ್ಯಾರ್ಥಿಗಳು ಚೆನ್ನಾಗಿ ಹಿಡಿದುಕೊಂಡರು.

ಹಲಗೆಯ ಮೇಲಿನ ಕುಟುಂಬ

ಮುಂದಿನ ಬೋಧನೆಗೆ ಒಂದು ಕಲ್ಪಿತ ಕುಟುಂಬವನ್ನು ಹಲಗೆಯ ಮೇಲೆ ಬರೆದೆ. ಗಂಡನಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇದೆ. ಹೆಂಡತಿ ಮನೆಯಲ್ಲಿ ಬಟ್ಟೆ ಹೊಲಿದು ಸ್ವಲ್ಪ ಸಂಪಾದಿಸುತ್ತಾಳೆ. ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ಬ್ಯಾಂಕ್ ಸಾಲದಿಂದ ಕಟ್ಟಿಸಿದ ಮನೆಯ ಕ್ರಯಪತ್ರ ಗಂಡನ ಹೆಸರಿನಲ್ಲಿದೆ. ಮದುವೆಯಲ್ಲಿ ತವರಿನವರು ಹೆಂಡತಿಗೆ ಬಂಗಾರ ಕೊಟ್ಟಿದ್ದಾರೆ. ಗಂಡನ ಮನೆತನಕ್ಕೆ ಎರಡು ಎಕರೆ ಪಿತ್ರಾರ್ಜಿತ ಜಮೀನಿದೆ.

ಯಾರಿಗೂ ಹೆಸರಿಡಲಿಲ್ಲ. ನಾವು ಇಡುವ ಹೆಸರು ತರಗತಿಯ ಯಾವುದೋ ಮಗುವಿನ ತಂದೆ ತಾಯಿಯ ಹೆಸರೂ ಆಗಿರಬಹುದು. ಈ ಕುಟುಂಬಕ್ಕೆ ಹಿಂದೂ ವಿವಾಹ ಅಧಿನಿಯಮ ಅನ್ವಯಿಸುತ್ತದೆ, ಕ್ರೈಸ್ತ, ಮುಸ್ಲಿಂ, ಪಾರ್ಸಿ ಕುಟುಂಬಗಳಿಗೆ ಬೇರೆ ಕಾನೂನುಗಳಿವೆ, ಯಾವ ಧರ್ಮದವರಾದರೂ 1954ರ ವಿಶೇಷ ವಿವಾಹ ಅಧಿನಿಯಮದಡಿ ಮದುವೆಯಾಗಬಹುದು ಎಂಬುದನ್ನು ಆರಂಭದಲ್ಲೇ ಹೇಳಿದೆ.

ಒಂದನೇ ಪ್ರಶ್ನೆ: ಮದುವೆ ಮುಗಿಯಬೇಕೆ?

ಎರಡು ದಾರಿಗಳಿವೆ. ಒಬ್ಬರು ಮಾತ್ರ ಕೇಳಿದರೆ ಸೆಕ್ಷನ್ 13ರ ಕಾರಣಗಳಲ್ಲಿ ಒಂದನ್ನು ಸಾಬೀತುಪಡಿಸಬೇಕು: ಕ್ರೌರ್ಯ, ಕನಿಷ್ಠ ಎರಡು ವರ್ಷಗಳ ನಿರಂತರ ಪರಿತ್ಯಾಗ, ವ್ಯಭಿಚಾರ, ಮತಾಂತರ ಮುಂತಾದವು. ಇಬ್ಬರೂ ಒಪ್ಪಿದರೆ 1976ರಲ್ಲಿ ಸೇರಿಸಿದ ಸೆಕ್ಷನ್ 13ಬಿ ಇದೆ. ಒಂದು ವರ್ಷ ಪ್ರತ್ಯೇಕವಾಗಿ ಬದುಕಿದ ಮೇಲೆ ಜಂಟಿ ಅರ್ಜಿ ಕೊಡಬಹುದು. ಆರು ತಿಂಗಳ ನಂತರ, ಹದಿನೆಂಟು ತಿಂಗಳ ಒಳಗೆ, ಎರಡನೇ ಬಾರಿ ಒಪ್ಪಿಗೆ ತಿಳಿಸಬೇಕು. ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣದಲ್ಲಿ ಬಿಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಪ್ರಕರಣಗಳು 1984ರ ಕಾಯ್ದೆಯಡಿ ಸ್ಥಾಪಿತವಾದ ಕೌಟುಂಬಿಕ ನ್ಯಾಯಾಲಯದ ಮುಂದೆ ಬರುತ್ತವೆ. ಸಾಧ್ಯವಿದ್ದಲ್ಲಿ ರಾಜಿಗೆ ಪ್ರಯತ್ನಿಸುವುದು ಆ ನ್ಯಾಯಾಲಯದ ಕರ್ತವ್ಯ.

ಉತ್ತರ ಕರ್ನಾಟಕದ ವಿದ್ಯಾರ್ಥಿಗಳು ಸೋಡಚೀಟಿಯ ಬಗ್ಗೆ ಕೇಳಬಹುದು. ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಅಧಿನಿಯಮದ ಸೆಕ್ಷನ್ 29 ಉಳಿಸಿದೆ. ಆದರೆ ಆ ಸಮುದಾಯದಲ್ಲಿ ಅಂಥ ರೂಢಿ ಇದೆಯೆಂದು ಹೇಳುವವರು ಅದನ್ನು ಸಾಬೀತುಪಡಿಸಬೇಕು. ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕಿದ ಮಾತ್ರಕ್ಕೆ ಎಲ್ಲರ ಮದುವೆಯೂ ಮುಗಿಯುವುದಿಲ್ಲ.

ಎರಡನೇ ಪ್ರಶ್ನೆ: ಯಾವ ಆಸ್ತಿ ಯಾರದು?

ವಿದ್ಯಾರ್ಥಿಗಳು ಅತಿ ಹೆಚ್ಚು ತಪ್ಪು ತಿಳಿದಿರುವುದು ಇಲ್ಲಿಯೇ. ವಿಚ್ಛೇದನವಾದರೆ ಎಲ್ಲವೂ ಅರ್ಧ ಅರ್ಧ ಎಂಬ ನಿಯಮ ನಮ್ಮ ರಾಜ್ಯದಲ್ಲಿ ಇಲ್ಲ. ಉತ್ತರ ಕನ್ನಡದ ಗಡಿ ದಾಟಿ ಗೋವಾಕ್ಕೆ ಹೋದರೆ ಪರಿಸ್ಥಿತಿ ಬೇರೆ. ಅಲ್ಲಿ ಪೋರ್ಚುಗೀಸರ 1867ರ ಸಿವಿಲ್ ಸಂಹಿತೆಯಿಂದ ಬಂದ ಪದ್ಧತಿಯಂತೆ, ಮದುವೆಗೆ ಮೊದಲು ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಇಬ್ಬರಿಗೂ ಸೇರಿದ ಒಂದೇ ಆಸ್ತಿಯಾಗುತ್ತದೆ. ಬೇರೆಯಾದಾಗ ಇಬ್ಬರಿಗೂ ಅರ್ಧ. ನಮ್ಮಲ್ಲಿ ಯಾರ ಹೆಸರಿನಲ್ಲಿದೆಯೋ, ಯಾರದೆಂದು ಸಾಬೀತಾಗುತ್ತದೆಯೋ ಅವರದು.

ಹಲಗೆಯ ಮೇಲಿನ ಕುಟುಂಬಕ್ಕೆ ಇದನ್ನು ಅನ್ವಯಿಸಿದೆವು. ಬಂಗಾರ ಸ್ತ್ರೀಧನ, ಅದು ಪೂರ್ಣವಾಗಿ ಹೆಂಡತಿಯದು. ಗಂಡನ ಮನೆಯ ಕಪಾಟಿನಲ್ಲಿದ್ದರೂ ಅವಳದೇ, ವಿಚ್ಛೇದನಕ್ಕೆ ಕಾರಣ ಯಾರೇ ಆಗಿದ್ದರೂ ಅವಳದೇ. ಮನೆ ಗಂಡನ ಹೆಸರಿನಲ್ಲಿರುವುದರಿಂದ ವಿಚ್ಛೇದನದಿಂದಲೇ ಅದರ ಅರ್ಧ ಹೆಂಡತಿಗೆ ಬರುವುದಿಲ್ಲ. ತಾನು ಕಂತು ಕಟ್ಟಿದ್ದಕ್ಕೆ ದಾಖಲೆ ಇದ್ದರೆ ಅದನ್ನು ನ್ಯಾಯಾಲಯದ ಮುಂದಿಡಬಹುದು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆಯಂತೆ, ಕೂಡಿ ಬಾಳುತ್ತಿದ್ದ ಮನೆಯಿಂದ ಅವಳನ್ನು ಕಾನೂನಿನ ಕ್ರಮವಿಲ್ಲದೆ ಹೊರಹಾಕುವಂತಿಲ್ಲ. ವಾಸದ ಹಕ್ಕು ಬೇರೆ, ಒಡೆತನ ಬೇರೆ ಎಂಬುದನ್ನು ಹಲಗೆಯ ಮೇಲೆ ಅಡಿಗೆರೆ ಎಳೆದು ತೋರಿಸಿದೆ.

ಎರಡು ಎಕರೆ ಜಮೀನಿನ ಸಂಗತಿ ಇನ್ನೂ ಸ್ವಾರಸ್ಯದ್ದು. ವಿಚ್ಛೇದನದಿಂದ ಹೆಂಡತಿಗೆ ಅದರಲ್ಲಿ ಪಾಲು ಹುಟ್ಟುವುದಿಲ್ಲ. ಆದರೆ ಮಗಳಿಗೂ ಮಗನಿಗೂ ಅದರಲ್ಲಿ ಹುಟ್ಟಿನಿಂದ ಹಕ್ಕಿದೆ. ಅದನ್ನು ತಂದೆ ತಾಯಿಯ ವಿಚ್ಛೇದನ ಮುಟ್ಟುವುದಿಲ್ಲ. ಮಕ್ಕಳು ತಾಯಿಯೊಡನೆ ಬೇರೆ ಊರಿಗೆ ಹೋದರೂ ಹಕ್ಕು ಹೋಗುವುದಿಲ್ಲ. "ಹಂಗಾದ್ರೆ ಅವ್ವ ಅಪ್ಪನ ಹೆಂಡತಿ ಅಲ್ಲದಿದ್ರೂ, ಮಗಳು ಅಪ್ಪನ ಮಗಳೇ," ಎಂದ ಒಬ್ಬ ವಿದ್ಯಾರ್ಥಿ. ಅವನ ವಾಕ್ಯವನ್ನೇ ಹಲಗೆಯ ಸಾರಾಂಶಕ್ಕೆ ಸೇರಿಸಿದೆ.

ಮೂರನೇ ಪ್ರಶ್ನೆ: ಯಾರು ಯಾರನ್ನು ಪೋಷಿಸಬೇಕು?

ಜೀವನಾಂಶಕ್ಕೆ ಕಾನೂನಿನಲ್ಲಿ ಹಲವು ಬಾಗಿಲುಗಳಿವೆ. ಹಿಂದೂ ವಿವಾಹ ಅಧಿನಿಯಮದ ಸೆಕ್ಷನ್ 24ರಂತೆ ಪ್ರಕರಣ ನಡೆಯುವಾಗ, ಸೆಕ್ಷನ್ 25ರಂತೆ ತೀರ್ಪಿನ ಸಮಯದಲ್ಲಿ ಅಥವಾ ನಂತರ ಕೇಳಬಹುದು. ಇಲ್ಲಿ ಗಂಡನೂ ಹೆಂಡತಿಯಿಂದ ಕೇಳಬಹುದು ಎಂಬುದು ವಿದ್ಯಾರ್ಥಿಗಳಿಗೆ ಹೊಸ ಸಂಗತಿ. ನ್ಯಾಯಾಲಯ ಇಬ್ಬರ ಆದಾಯ, ಆಸ್ತಿ, ನಡತೆ, ಇತರ ಸನ್ನಿವೇಶ ನೋಡುತ್ತದೆ. ಅಗತ್ಯವಿದ್ದರೆ ಕೊಡಬೇಕಾದವರ ಸ್ಥಿರಾಸ್ತಿಯ ಮೇಲೆ ಹೊಣೆ ಹೊರಿಸಬಹುದು. ಎರಡನೇ ಪ್ರಶ್ನೆಯಲ್ಲಿ ಹೆಂಡತಿಗೆ ಸಿಗದ ಮನೆ, ಮೂರನೇ ಪ್ರಶ್ನೆಯಲ್ಲಿ ಅವಳ ಜೀವನಾಂಶಕ್ಕೆ ಭದ್ರತೆಯಾಗಬಹುದು.

ಧರ್ಮಭೇದವಿಲ್ಲದೆ ಎಲ್ಲರಿಗೂ ತೆರೆದಿರುವ ಬಾಗಿಲು ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 125. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144 ಇದೆ. ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಹೆಂಡತಿ, ಮರುಮದುವೆಯಾಗದ ವಿಚ್ಛೇದಿತೆ, ಅಪ್ರಾಪ್ತ ಮಕ್ಕಳು, ವೃದ್ಧ ತಂದೆ ತಾಯಿ ಇದರಡಿ ಕೇಳಬಹುದು. ಹಿಂದೆ ಇದಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. 2001ರಲ್ಲಿ ಅದನ್ನು ತೆಗೆಯಲಾಯಿತು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದೂ, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕೆಂದೂ ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ನಿರ್ದೇಶಿಸಿತು.

ನಾಲ್ಕನೇ ಪ್ರಶ್ನೆ: ಮಕ್ಕಳು ಎಲ್ಲಿರಬೇಕು?

ಮೊದಲ ಮೂರು ಪ್ರಶ್ನೆಗಳು ಗಂಡ ಹೆಂಡತಿಯ ಕಡೆಯಿಂದ ಹುಟ್ಟಿದರೆ, ಇದು ಮಗುವಿನ ಕಡೆಯಿಂದ ಹುಟ್ಟುತ್ತದೆ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯೂ 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಅಧಿನಿಯಮವೂ ಮಗುವಿನ ಕ್ಷೇಮವನ್ನು ಮುಂದಿಡುತ್ತವೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಹಾಗಾಗಿ ನಮ್ಮ ಕುಟುಂಬದ ನಾಲ್ಕು ವರ್ಷದ ಮಗನ ವಿಷಯ ಅಲ್ಲಿಂದ ಆರಂಭವಾಗುತ್ತದೆ. ಎಂಟು ವರ್ಷದ ಮಗಳು ತಿಳಿದು ಹೇಳಬಲ್ಲಳೆಂದು ಕಂಡರೆ ಅವಳ ಇಚ್ಛೆಯನ್ನೂ ನ್ಯಾಯಾಲಯ ಪರಿಗಣಿಸಬಹುದು.

ಪಾಲಕತ್ವ ಮತ್ತು ಸುಪರ್ದಿ ಒಂದೇ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಸುಪರ್ದಿ ಎಂದರೆ ಮಗು ಯಾರ ಬಳಿ ಬೆಳೆಯುತ್ತದೆ ಎಂಬುದು. ಪಾಲಕತ್ವ ಎಂದರೆ ಮಗುವಿನ ಪರವಾಗಿ ಕಾನೂನಿನ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ. 1956ರ ಅಧಿನಿಯಮ ತಂದೆಯನ್ನು ಮೊದಲು, ಅವನ "ನಂತರ" ತಾಯಿಯನ್ನು ಸಹಜ ಪಾಲಕರೆನ್ನುತ್ತದೆ. ಆ ಪದದ ಅರ್ಥ ತಂದೆಯ ಮರಣಾನಂತರ ಎಂದಷ್ಟೇ ಅಲ್ಲ, ತಂದೆ ಮಗುವಿನ ಹೊಣೆಯಿಂದ ದೂರವಿರುವಾಗಲೂ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಅರ್ಥೈಸಿತು. ಸುಪರ್ದಿ ಇಲ್ಲದ ತಂದೆ ಅಥವಾ ತಾಯಿಗೆ ಭೇಟಿಯ ದಿನಗಳನ್ನು ನ್ಯಾಯಾಲಯ ಗೊತ್ತುಮಾಡುತ್ತದೆ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಈ ಆದೇಶಗಳನ್ನು ಬದಲಿಸಬಹುದು.

ತರಗತಿಯ ಚಟುವಟಿಕೆ

ಎರಡನೇ ಅವಧಿಯಲ್ಲಿ ಪ್ರತಿ ಗುಂಪಿಗೆ ಹನ್ನೆರಡು ಚೀಟಿಗಳನ್ನು ಕೊಟ್ಟೆ. "ಬಂಗಾರದ ಅಂಗಡಿಯ ರಸೀದಿ ಇದೆ", "ಮಗಳ ಶಾಲೆ ಅಜ್ಜಿಯ ಮನೆಗೆ ಹತ್ತಿರ", "ಅಂಗಡಿಯ ಆದಾಯ ಹೆಚ್ಚಾಗಿದೆ" ಎಂಬಂಥ ಒಂದೊಂದು ಸಂಗತಿ ಒಂದೊಂದು ಚೀಟಿಯಲ್ಲಿ. ಚೀಟಿಯನ್ನು ನಾಲ್ಕು ಕಾಲಂಗಳಲ್ಲಿ ಸರಿಯಾದ ಕಡೆ ಇಟ್ಟು ಕಾರಣ ಹೇಳಬೇಕು.

"ಗಂಡ ಹೆಂಡತಿಯನ್ನು ಹೊಡೆಯುತ್ತಾನೆ" ಎಂಬ ಚೀಟಿ ಹೆಚ್ಚು ಚರ್ಚೆ ಹುಟ್ಟಿಸಿತು. ಒಂದು ಗುಂಪು ಅದನ್ನು ಮೊದಲ ಕಾಲಂನಲ್ಲಿ ಮಾತ್ರ ಇಟ್ಟಿತು, ಇನ್ನೊಂದು ನಾಲ್ಕರಲ್ಲೂ ಬೇಕು ಎಂದಿತು. ಒಂದೊಂದಾಗಿ ನೋಡಿದೆವು. ಮೊದಲ ಪ್ರಶ್ನೆಗೆ ಅದು ಕ್ರೌರ್ಯ, ನೇರ ಕಾರಣ. ಎರಡನೆಯದರಲ್ಲಿ ಬಂಗಾರದ ಒಡೆತನವನ್ನು ಅದು ಬದಲಿಸುವುದಿಲ್ಲ, ಏಕೆಂದರೆ ಬಂಗಾರ ಮೊದಲೂ ಅವಳದೇ. ಆದರೆ ವಾಸದ ರಕ್ಷಣೆಗೆ ಆಧಾರವಾಗುತ್ತದೆ. ಮೂರನೆಯದರಲ್ಲಿ ನಡತೆ ಎಂಬ ಒಂದು ಅಂಶವಾಗಿ ತೂಗುತ್ತದೆ. ನಾಲ್ಕನೆಯದರಲ್ಲಿ ಗಂಡನಿಗೆ ಶಿಕ್ಷೆ ಕೊಡಲೆಂದಲ್ಲ, ಆ ಮನೆಯಲ್ಲಿ ಮಗು ಸುರಕ್ಷಿತವೇ ಎಂದು ತಿಳಿಯಲು ಅದನ್ನು ಕೇಳಲಾಗುತ್ತದೆ. ಒಂದೇ ಸಂಗತಿ ನಾಲ್ಕು ತಕ್ಕಡಿಗಳಲ್ಲಿ ನಾಲ್ಕು ಬಗೆಯಾಗಿ ತೂಗುವುದನ್ನು ಮಕ್ಕಳು ಕಂಡರು. ಇಡೀ ಪಾಠದಲ್ಲಿ ಹೆಚ್ಚು ಕಲಿಕೆಯಾದದ್ದು ಈ ಹತ್ತು ನಿಮಿಷಗಳಲ್ಲಿ.

ಒಬ್ಬ ಹುಡುಗ ಕೇಳಿದ: "ಟೀಚರ್, ದುಡ್ಡು ಇರೋದು ಅಪ್ಪನ ಹತ್ರ. ಹಂಗಾದ್ರೆ ಮಕ್ಕಳೂ ಅಪ್ಪನ ಹತ್ರನೇ ಇರಬೇಕಲ್ಲ?" ಮೂರನೇ ಮತ್ತು ನಾಲ್ಕನೇ ಪ್ರಶ್ನೆಗಳನ್ನು ಕಾನೂನು ಏಕೆ ಬೇರೆಯಾಗಿಟ್ಟಿದೆ ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಹಣವನ್ನು ಆದೇಶದ ಮೂಲಕ ಮಗು ಇರುವಲ್ಲಿಗೆ ಕಳಿಸಬಹುದು. ಹಣ ಇರುವಲ್ಲಿಗೆ ಮಗುವನ್ನು ಕಳಿಸಬೇಕಾಗಿಲ್ಲ.

ಅವಧಿ ಮುಗಿದು ಚೀಟಿಗಳನ್ನು ಒಟ್ಟುಮಾಡುವಾಗ ಒಬ್ಬ ಹುಡುಗಿ ಮೇಜಿನ ಬಳಿ ಬಂದು ಮೆಲ್ಲಗೆ ಕೇಳಿದಳು: "ಜಡ್ಜ್ ಮುಂದೆ ಯಾರ ಹತ್ರ ಇರ್ತೀನಿ ಅಂತ ಮಕ್ಕಳು ಹೇಳಲೇಬೇಕಾ, ಟೀಚರ್?" ಹೇಳಲೇಬೇಕೆಂದಿಲ್ಲ, ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಕೂರಿಸಿ ಸಮಾಧಾನದಿಂದ ಮಾತನಾಡಿಸಬಹುದು, ಮಗು ಹೇಳಿದ್ದನ್ನು ಕೇಳುತ್ತಾರೆ, ಆದರೆ ತೀರ್ಮಾನದ ಭಾರ ಅವರದೇ, ಮಗುವಿನದಲ್ಲ ಎಂದೆ. "ಸರಿ ಟೀಚರ್" ಎಂದು ಚೀಟಿಗಳನ್ನು ಕೊಟ್ಟು ಹೋದಳು. ಏಕೆ ಕೇಳಿದೆ ಎಂದು ನಾನು ಕೇಳಲಿಲ್ಲ. ಬೇಕೆನಿಸಿದರೆ ನನ್ನೊಡನೆಯೋ ತರಗತಿ ಶಿಕ್ಷಕಿಯೊಡನೆಯೋ ಮಾತನಾಡಬಹುದು ಎಂದು ಮಾತ್ರ ತಿಳಿಸಿದೆ.

ಮೌಲ್ಯಮಾಪನ

1. ಸಮವರ್ತಿ ಪಟ್ಟಿಯ ವಿಷಯದಲ್ಲಿ ಕರ್ನಾಟಕ ಮಾಡಿದ ಒಂದು ಕಾನೂನನ್ನು ಹೆಸರಿಸಿ, ಅದರ ಪರಿಣಾಮ ಬರೆಯಿರಿ.
2. ವಾಸದ ಹಕ್ಕಿಗೂ ಒಡೆತನಕ್ಕೂ ಇರುವ ವ್ಯತ್ಯಾಸವೇನು?
3. "ತಾಯಿಗೆ ಆದಾಯ ಕಡಿಮೆ, ಆದ್ದರಿಂದ ಮಗು ತಂದೆಯ ಬಳಿ ಇರಬೇಕು." ಈ ವಾದದಲ್ಲಿ ಯಾವ ಎರಡು ಪ್ರಶ್ನೆಗಳು ಬೆರೆತಿವೆ?
4. ವಿಚ್ಛೇದನದಿಂದ ಮಕ್ಕಳ ಯಾವ ಹಕ್ಕು ಬದಲಾಗುವುದಿಲ್ಲ? ಕಾರಣ ಕೊಡಿ.

ಗೃಹಪಾಠವಾಗಿ ಮನೆಯವರ ಅನುಭವ ಕೇಳಿ ಬರೆಯಲು ಹೇಳಬಾರದು. ಗೋವಾ ಮತ್ತು ಕರ್ನಾಟಕದ ಆಸ್ತಿ ನಿಯಮಗಳನ್ನು ಹೋಲಿಸುವ ಪಟ್ಟಿ ಕೊಟ್ಟರೆ ಸಾಕು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಪಾಠಕ್ಕೆ ಸಾಮಗ್ರಿ ಹುಡುಕುವಾಗ "ರಾಜ್ಯ ಕಾನೂನು" ಎಂಬ ಮಾತನ್ನು ಎಚ್ಚರಿಕೆಯಿಂದ ನೋಡಿ. ಇಂಗ್ಲಿಷಿನಲ್ಲಿ ಸಿಗುವ ಬರಹಗಳಲ್ಲಿ ಬಹಳಷ್ಟು ಅಮೆರಿಕದವು. ಅಲ್ಲಿ ವಿಚ್ಛೇದನದ ಕಾನೂನನ್ನು ಪ್ರತಿ ರಾಜ್ಯವೂ ತಾನೇ ಮಾಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ದಂಪತಿಗಳು ಮದುವೆಯ ಅವಧಿಯಲ್ಲಿ ಗಳಿಸಿದ್ದು ಸಮಪಾಲಾಗುತ್ತದೆ. ನ್ಯೂಯಾರ್ಕಿನಲ್ಲಿ ನ್ಯಾಯೋಚಿತವೆಂದು ಕಂಡಂತೆ ಹಂಚಲಾಗುತ್ತದೆ. ಅಲ್ಲಿನ ನಿಯಮವನ್ನು ಇಲ್ಲಿನ ತರಗತಿಯಲ್ಲಿ ಹೇಳಿದರೆ, ಅದನ್ನು ನಂಬಿ ಮನೆಗೆ ಹೋಗುವ ಮಗು ತಾಯಿಗೆ ಇಲ್ಲದ ಹಕ್ಕನ್ನು ಇದೆಯೆಂದು ಹೇಳೀತು.

ಶಿಕ್ಷಕರಾದ ಮೇಲೆ ಈ ನಾಲ್ಕು ಪ್ರಶ್ನೆಗಳು ಶಾಲಾ ಕಚೇರಿಗೂ ಬರುತ್ತವೆ. ತಾಯಿ ಮಗುವನ್ನು ತವರೂರಿಗೆ ಕರೆದೊಯ್ದು ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಲು ವರ್ಗಾವಣೆ ಪತ್ರ ಕೇಳಬಹುದು. ಎಂಟನೇ ತರಗತಿಯವರೆಗಿನ ಮಗುವಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 5ರಂತೆ ಮುಖ್ಯ ಶಿಕ್ಷಕರು ಅದನ್ನು ತಕ್ಷಣ ಕೊಡಬೇಕು. ಪತ್ರ ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಮಗುವನ್ನು ಯಾರು ಕರೆದೊಯ್ಯಬಹುದೆಂಬ ತಕರಾರು ಬಂದರೆ ನ್ಯಾಯಾಲಯದ ಆದೇಶದ ಪ್ರತಿ ಕೇಳಿ ಕಡತದಲ್ಲಿಡಿ. ಆದೇಶ ಇಲ್ಲದಿರುವಾಗ ಶಿಕ್ಷಕರ ಕೊಠಡಿ ನ್ಯಾಯಾಲಯವಾಗಬಾರದು. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಮಕ್ಕಳ ಸಹಾಯವಾಣಿ 1098. ಈ ಎರಡನ್ನೂ ಪಾಠದ ಕೊನೆಯಲ್ಲಿ ಹಲಗೆಯ ಮೇಲೆ ಬರೆದು, ಎಲ್ಲರೂ ಬರೆದುಕೊಳ್ಳುವವರೆಗೆ ಅಳಿಸದೆ ಬಿಡಿ. ಎಲ್ಲರೂ ಬರೆದುಕೊಂಡರೆ, ಅದು ನಿಜವಾಗಿ ಬೇಕಾಗಿರುವ ಮಗು ಯಾವುದೆಂದು ಪಕ್ಕದವರಿಗೆ ತಿಳಿಯುವುದಿಲ್ಲ.